ರಾಜ ಹೆಸರು ಹೇಳುವವರೆಗೆ

ಇದು ನಡೆದದ್ದು ಹೋದ ವರ್ಷ, ಶಿವರಾತ್ರಿ ಕಳೆದ ಮೇಲಿನ ಎರಡನೇ ಭಾನುವಾರ. ನಾನು ಓದಿರುವುದು ಏಳನೇ ಕ್ಲಾಸು, ಅದೂ ಪಾಸಾಗಿಲ್ಲ. ಹಾಲ್ಕುರಿಕೆ ಸುತ್ತಮುತ್ತಲ ತೋಟಗಳಲ್ಲಿ ಕಾಯಿ ಸುಲಿಯುವುದು ನನ್ನ ಕೆಲಸ. ಈ ಕತೆ ಯಾರಿಗೆ ಹೇಳಿದರೂ ಅರ್ಧಕ್ಕೇ ನಗಲು ಶುರು ಮಾಡುತ್ತಾರೆ, ಉಳಿದರ್ಧ ಕೇಳುವುದಿಲ್ಲ. ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಮ್ಮೂರಲ್ಲಿ ಒಂದು ಮೂಡಲಪಾಯ ಬಯಲಾಟದ ಮೇಳ ಇದೆ. ನಡೆಸುವವರು ರಂಗಯ್ಯ ಮೇಷ್ಟ್ರು. ಸ್ಕೂಲ್ ಮೇಷ್ಟ್ರಲ್ಲ, ಕುಣಿತ ಕಲಿಸುವ ಮೇಷ್ಟ್ರು. ಎಪ್ಪತ್ತು ದಾಟಿದೆ, ಎಡ ಮೊಣಕಾಲು ಸರಿಯಿಲ್ಲ. ಆದರೂ ರಾಜನ ವೇಷ ಅವರದ್ದೇ. ಅದಕ್ಕೂ ಹಿಂದಿನ ಮಳೆಗಾಲದಲ್ಲಿ ಮೇಳದ ವೇಷದ ಪೆಟ್ಟಿಗೆಗೆ ಗೆದ್ದಲು ಹತ್ತಿತು. ಯಾರೂ ನೋಡಿರಲಿಲ್ಲ. ಮುಚ್ಚಳ ತೆಗೆದಾಗ ಮೇಲಿನ ಬಟ್ಟೆ ಚೆನ್ನಾಗೇ ಕಂಡಿತಂತೆ. ಎತ್ತಿದರೆ ಕೈಗೆ ಬಂದದ್ದು ಮಣ್ಣು. ಉಳಿದದ್ದು ನಾಲ್ಕು ಕಿರೀಟ ಮತ್ತು ಗೆಜ್ಜೆ ಮಾತ್ರ.

ಮೇಷ್ಟ್ರು ಅಳಲೂ ಇಲ್ಲ, ಕೂಗಾಡಲೂ ಇಲ್ಲ. ಮೇಳದವರನ್ನು ಕೂರಿಸಿಕೊಂಡು, "ಈ ಬ್ಯಾಸ್ಗೆ ಒಳ್ಗೆ ಬಟ್ಟೆ ಆಗ್ಲಿಲ್ಲ ಅಂದ್ರೆ ಕಿರೀಟಾನ ಯಾವ್ದಾರ ಮ್ಯೂಸಿಯಂಗೆ ಕೊಟ್ ಬುಡ್ತೀನಿ ಕಣ್ರಪ್ಪ. ಗಾಜಿನ್ ಒಳ್ಗಾದ್ರೂ ನೆಟ್ಟಗಿರ್ತವೆ," ಅಂದರಂತೆ. ಮೇಷ್ಟ್ರು ಒಂದು ಸಲ ಹೇಳಿದರೆ ಹೇಳಿದ ಹಾಗೇ ಮಾಡುವ ಮನುಷ್ಯ. ಮೇಳ ಮುಗಿಯಿತು ಅಂತಲೇ ಎಲ್ಲರೂ ಅಂದುಕೊಂಡರು.

ಮುಗಿದರೆ ನನಗೇನೂ ನಷ್ಟ ಇರಲಿಲ್ಲ. ನನಗೆ ಈ ಆಟ ಕಂಡರೆ ಆಗುತ್ತಿರಲಿಲ್ಲ. ರಾಜ ಬಂದ ಅಂತ ಹಾಡುತ್ತಾರೆ, ರಾಜ ಬರುವುದಿಲ್ಲ. ಇಬ್ಬರು ಒಂದು ತೆರೆ ಹಿಡಿದುಕೊಂಡು ನಿಂತಿರುತ್ತಾರೆ. ಹಿಂದೆ ಗೆಜ್ಜೆ ಸದ್ದು. ಮೊದಲು ಕಾಲು ಕಾಣುತ್ತೆ. ಬಹಳ ಹೊತ್ತಾದ ಮೇಲೆ ಕಿರೀಟದ ತುದಿ ಕಾಣುತ್ತೆ. ತೆರೆ ಸರಿದ ಮೇಲಾದರೂ ಮಾತಾಡುತ್ತಾನಾ ಅಂದರೆ ಇಲ್ಲ, ಮತ್ತೆ ಸುತ್ತು ಹಾಕಿ ಕುಣಿಯುತ್ತಾನೆ. ಕೊನೆಗೆ ಕೋಡಂಗಿ, ಅಂದರೆ ಆಟದಲ್ಲಿ ಜನರನ್ನು ನಗಿಸುವವನು, "ತಾವು ಯಾರು" ಅಂತ ಕೇಳಬೇಕು. ಆಗ ಹೆಸರು ಹೇಳುತ್ತಾನೆ. ಊರಿಗೆಲ್ಲ ಮೊದಲೇ ಗೊತ್ತಿರುವ ಹೆಸರು.

ಇದನ್ನೇ ನಾನು ಕಿಬ್ಬನಹಳ್ಳಿ ಕ್ರಾಸಿನ ಟೈಲರ್ ಅನ್ವರಣ್ಣನ ಅಂಗಡಿಯಲ್ಲಿ ಅಂದೆ. ಅನ್ವರಣ್ಣ ಮೇಳಕ್ಕೆ ಮೊದಲಿನಿಂದ ಬಟ್ಟೆ ಹೊಲಿಯುವವನು. ಕೋಡಂಗಿ ವೇಷವೂ ಅವನದ್ದೇ. ನಾನು ಪ್ಯಾಂಟಿನ ಕಾಲು ಮಡಿಸಲು ಕೊಟ್ಟು ಕೂತಿದ್ದೆ. ಅವನು ಗೆದ್ದಲಿನ ಕತೆ ಹೇಳುತ್ತಾ ಕಣ್ಣು ಒದ್ದೆ ಮಾಡಿಕೊಂಡ.

"ಹೋದ್ರೆ ಹೋಯ್ತು ಬುಡಣ್ಣ," ಅಂದೆ. "ನಿಮ್ ರಾಜ ತನ್ ಹೆಸ್ರು ಹೇಳೋ ಹೊತ್ಗೆ ನಾನು ಒಂದ್ ಗುಡ್ಡೆ ಕಾಯಿ ಸುಲ್ದು ಕೈ ತೊಳ್ಕಂಡಿರ್ತೀನಿ."

ಅನ್ವರಣ್ಣ ಮಿಷಿನ್ ನಿಲ್ಲಿಸಿದ. ಕನ್ನಡಕ ಮೇಲಕ್ಕೆ ಸರಿಸಿ ನನ್ನನ್ನೇ ನೋಡಿದ.

"ಇನ್ನೊಂದ್ ಸಲ ಹೇಳಪ್ಪ ಲೋಕಿ."

ಹೇಳಿದೆ.

"ಜನದ್ ಮುಂದೆ ಹೇಳ್ತೀಯಾ?"

"ಹೇಳೋದೇನು, ಜನದ್ ಮುಂದೆ ಸುಲ್ದೇ ತೋರಿಸ್ತೀನಿ. ಪ್ಯಾಂಟ್ ಕೊಡು."

ಅವನು ಪ್ಯಾಂಟ್ ಕೊಟ್ಟ. ಆದರೆ ನಗುತ್ತಾ ಕೊಟ್ಟ. ಅಷ್ಟರಲ್ಲೇ ನನಗೆ ಅನುಮಾನ ಬರಬೇಕಿತ್ತು.

ವಾರಕ್ಕೆ ಊರೂರಲ್ಲಿ ಪಾಂಪ್ಲೆಟ್ ಅಂಟಿಸಿದ್ದರು. ಮೇಳದ ಸಹಾಯಾರ್ಥ ನಗೆಯಾಟ. ರಂಗಯ್ಯ ಮೇಷ್ಟ್ರ ಗೆಜ್ಜೆಗೂ ಲೋಕೇಶನ ಹಾರೆಗೂ ಪಂದ್ಯ. ರಾಜ ಹೆಸರು ಹೇಳುವವರೆಗೆ ಲೋಕೇಶ ಎಷ್ಟು ಕಾಯಿ ಸುಲಿಯುತ್ತಾನೋ ಅಷ್ಟೂ ಮೇಳಕ್ಕೆ. ಕಾಯಿ ಕೊಡುವವರು ಕೆಂಚೇಗೌಡರು, ಜಾಗವೂ ಅವರ ತೋಟವೇ. ಆಗ ನಮ್ಮ ಕಡೆ ಚಿರತೆ ಓಡಾಡುತ್ತಿದ್ದುದರಿಂದ ಕತ್ತಲಾದ ಮೇಲೆ ಯಾರೂ ಮನೆ ಬಿಟ್ಟು ಬರುತ್ತಿರಲಿಲ್ಲ. ಹಾಗಾಗಿ ಮಧ್ಯಾಹ್ನ ಮೂರು ಗಂಟೆಗೇ ಆಟ.

ಕೆಂಚೇಗೌಡರು ಅಂದಾಗ ನಾನು ನಂಬಲಿಲ್ಲ. ಗೌಡರು ಕೆಟ್ಟವರಲ್ಲ, ಕೈ ಬಿಗಿ. ವರ್ಷದಲ್ಲಿ ನನಗೆ ಅರ್ಧ ಕೆಲಸ ಸಿಗುವುದು ಅವರ ತೋಟದಲ್ಲೇ. ಕೂಲಿ ಕೊಡುವಾಗ ಮಳೆ ಬೆಳೆ ವಿಚಾರವೆಲ್ಲ ಮಾತಾಡಿ, ನಾನು ಮರೆತೆನೇನೋ ಅಂತ ನೋಡಿ ಆಮೇಲೆ ಕೊಡುತ್ತಾರೆ. ಅನ್ವರಣ್ಣ ಅವರ ಮನೆಗೆ ಹೋಗಿ, ಮೈಕಿನಲ್ಲಿ ಹೆಸರು ಹೇಳಿಸುತ್ತೇನೆ, ಶಾಲು ಹೊದಿಸುತ್ತೇನೆ ಅಂದಿದ್ದನಂತೆ.

ಆ ಭಾನುವಾರ ತೋಟಕ್ಕೆ ಕಾಲಿಟ್ಟಾಗಲೇ ಬೇರೆ ಯಾವುದೋ ಊರಿಗೆ ಬಂದ ಹಾಗಿತ್ತು. ದಿನಾ ನೋಡುವ ತೋಟವೇ. ಆದರೆ ಹೆಂಗಸರು ಮರಗಳ ಕೆಳಗೆ ಚಾಪೆ ಹಾಸಿ ಕೂತಿದ್ದರು. ಮಂತ್ರಿ ಬೆಡ್‌ಶೀಟ್ ಸುತ್ತಿಕೊಂಡು ಬೀಡಿ ಸೇದುತ್ತಿದ್ದ. ಸೇನಾಪತಿ ಟವೆಲ್ ಹೊದ್ದಿದ್ದ. ಮೇಷ್ಟ್ರಿಗೊಬ್ಬರಿಗೆ ಅನ್ವರಣ್ಣ ಕರ್ಟನ್ ತುಂಡು ಜೋಡಿಸಿ ಒಂದು ನಿಲುವಂಗಿ ಹೊಲಿದಿದ್ದ. ಮುಖಕ್ಕೆ ಬಣ್ಣ ಬಿದ್ದ ಮೇಲೆ ಅವರ ಗುರುತೇ ನನಗೆ ಸಿಗಲಿಲ್ಲ. ಮೊಣಕಾಲಿಗೆ ಕಟ್ಟಿದ್ದ ಪಟ್ಟಿ ನೋಡಿ ಇವರೇ ಅಂದುಕೊಂಡೆ.

"ಕಾಲು ಹೆಂಗೈತೆ ಮೇಷ್ಟ್ರೇ?" ಅಂದೆ.

"ಅದ್ರ ಪಾಡಿಗ್ ಅದೈತೆ, ನನ್ ಪಾಡಿಗ್ ನಾನಿದೀನಿ," ಅಂದರು. "ನೀನು ಉಗುರು ಹುಷಾರು ಕಣ್ಲಾ."

ರಂಗದ ಒಂದು ಮಗ್ಗುಲಿಗೆ ನನ್ನ ಹಾರೆ ನೆಟ್ಟಿದ್ದರು. ಮೊನೆ ಮೇಲಕ್ಕಿರುತ್ತೆ, ಅದಕ್ಕೆ ಕಾಯಿ ಚುಚ್ಚಿ ತಿರುಚಿದರೆ ಸಿಪ್ಪೆ ಬಿಡುತ್ತೆ. ಪಕ್ಕದಲ್ಲಿ ಟಾರ್ಪಾಲ್ ಮುಚ್ಚಿದ ಗುಡ್ಡೆ. ಗೌಡರು ನೊಣವಿನಕೆರೆಯಲ್ಲಿ ಮದುವೆ ಊಟ ಮುಗಿಸಿಕೊಂಡು ಕೊನೆಗೆ ಬಂದು, ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ಮದ್ದಳೆಗೆ ಪೆಟ್ಟು ಬಿತ್ತು. ಟಾರ್ಪಾಲ್ ಎಳೆದರು. ತೆರೆಯ ಹಿಂದೆ ಗೆಜ್ಜೆ ಶುರುವಾಯಿತು, ನಾನು ಮೊದಲನೇ ಕಾಯಿ ಎತ್ತಿದೆ.

ಎತ್ತಿದ ಕಾಯನ್ನು ಕಿವಿ ಹತ್ತಿರ ಅಲ್ಲಾಡಿಸುವುದು ನಮ್ಮ ಅಭ್ಯಾಸ. ಅಲ್ಲಾಡಿಸಿದೆ. ಒಳಗೆ ಗಡಗಡ ಅಂತು.

ಅಟ್ಟದ ಕಾಯಿ. ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಬಿದ್ದಿದ್ದು, ಒಳಗಿನ ನೀರು ಇಂಗಿ, ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಟ್ಟಿದ್ದ ಕಾಯಿ. ತಿಪಟೂರಿನ ಮಾರ್ಕೆಟ್ಟಿಗೆ ನೇರ ಹೋಗುವ ಮಾಲು. ಎರಡನೆಯದು ಅಲ್ಲಾಡಿಸಿದೆ, ಅದೂ ಗಡಗಡ. ನನಗೆ ಗೌಡರ ಮೇಲೆ ಒಂದೇ ಸಲಕ್ಕೆ ಎಲ್ಲಿಲ್ಲದ ಗೌರವ ಬಂತು. ಮನಸ್ಸಿಗೆ ಬಂದದ್ದನ್ನು ಒಳಗಿಟ್ಟುಕೊಳ್ಳುವುದು ನನಗೆ ಗೊತ್ತಿಲ್ಲ.

"ಗೌಡ್ರೇ," ಅಂತ ಕೂಗಿದೆ. "ಅಟ್ಟದ್ ಕಾಯೇ ಕೊಟ್ ಬುಟ್ಟಿದ್ದೀರಲ್ಲ. ನಾನ್ ನಿಮ್ಮನ್ನ ಏನೋ ಅಂದ್ಕಂಡಿದ್ದೆ."

ಅನ್ವರಣ್ಣ ಕೋಡಂಗಿ ಟೋಪಿ ಹಾಕಿಕೊಂಡು ಮೈಕಿನ ಹತ್ತಿರವೇ ನಿಂತಿದ್ದ. "ಕೇಳ್ರಪ್ಪೋ, ಗೌಡ್ರು ಮೇಳಕ್ಕೋಸ್ಕರ ಅಟ್ಟ ಖಾಲಿ ಮಾಡವ್ರೆ," ಅಂದ. ಜನ ಚಪ್ಪಾಳೆ ಹೊಡೆದರು. ಗೌಡರು ಎದ್ದು ಕೈ ಮುಗಿದರು. ಮುಗಿದ ಕೈ ಹಾಗೇ ಇತ್ತು, ಮುಖ ಮಾತ್ರ ಬೇರೆ ಬಣ್ಣಕ್ಕೆ ತಿರುಗಿತು.

ಸ್ವಲ್ಪ ಹೊತ್ತಿಗೆ ಅವರೇ ನನಗೆ ನೀರು ತಂದರು. ನಗುತ್ತಾ ಬಗ್ಗಿದರು. ಬಗ್ಗಿದ ಮೇಲೆ ನಗು ಇರಲಿಲ್ಲ.

"ಬಾಯ್ ಯಾಕ್ಲಾ ಬುಟ್ಟೆ? ನಾನ್ ಹೇಳಿದ್ದು ಕೊಟ್ಟಿಗೆ ನೆಲ್ದಾಗಿರೋ ನುಸಿ ಕಾಯಿ. ಆ ನನ್ಮಕ್ಳು ಅಟ್ಟ ಹತ್ತವ್ರೆ."

ಆಗ ನನಗೆ ಅರ್ಥವಾಯಿತು. ಗೌಡರು ಆಳುಗಳಿಗೆ, "ಲೋಕಿ ಸುಲಿತಾನೆ, ಹಿಂದ್ಲು ಕೊಟ್ಟಿಗೆ ಕಾಯಿ ತುಂಬ್ರೋ," ಅಂದು ಮದುವೆಗೆ ಹೋಗಿದ್ದಾರೆ. ಅದೇ ಕೊಟ್ಟಿಗೆಯ ಮೇಲೆ ಅಟ್ಟವೂ ಇದೆ, ನಮ್ಮ ಕಡೆ ಸುಲಿಯುವವನನ್ನು ಕರೆಯುವುದೇ ಅಟ್ಟದ ಕಾಯಿಗೆ. ನುಸಿ ಹಿಡಿದು ಮುರುಟಿದ ಕಾಯನ್ನು ಜನ ಸೇರಿಸಿ ಸುಲಿಸುವವರುಂಟು ಅಂತ ಯಾವ ಆಳಿಗೆ ಹೊಳೆಯುತ್ತೆ? ಅವರು ಅಟ್ಟ ಹತ್ತಿ ಒಂದು ವರ್ಷದ ಕೊಬ್ಬರಿ ಕೆಳಗಿಳಿಸಿದ್ದರು.

"ಈಗೇನ್ಮಾಡನ ಗೌಡ್ರೇ? ನಿಲ್ಸಿ ಹೇಳ್ಬುಡ್ಲಾ?"

"ಏನಂತ ಹೇಳ್ತೀಯಾ? ಗೌಡ ಜೊಳ್ಳು ಕೊಡಾಕ್ ಹೋಗಿ ಸಿಗಾಕ್ಕಂಡ ಅಂತ್ಲಾ? ಸುಮ್ಕಿರು. ನಿಧಾನಕ್ಕೆ ಸುಲಿ. ಕೈ ನೋವು ಅನ್ನು. ಸಂಕ್ರಾಂತಿಯಿಂದ ಯುಗಾದಿಗಂಟ ನನ್ ತೋಟದಾಗೆ ಉಣ್ಣೋನು ನೀನು, ಮರೀಬ್ಯಾಡ."

ಹೇಳಿ ಹೋದರು. ನೇರ ಹಾಡುವ ಭಾಗವತರ ಹಿಂದೆ ಹೋಗಿ, ಅವರ ಕಿವಿಯಲ್ಲೂ ಏನೋ ಹೇಳಿ ಕುರ್ಚಿಗೆ ವಾಪಸ್ಸಾದರು. ಬೇಗ ಮುಗಿಸಿ ಅಂತಲೇ ಇರಬೇಕು.

ನಾನು ಸುಳ್ಳು ಹೇಳುವುದಿಲ್ಲ. ಕೈ ನಿಧಾನ ಮಾಡಿದೆ. ಗೌಡರ ತೋಟ ಹೋದರೆ ನನ್ನ ಅರ್ಧ ಕೆಲಸವೇ ಹೋದ ಹಾಗೆ. ಅಮ್ಮ, ತಂಗಿ, ನಾನು, ಮೂರು ಹೊಟ್ಟೆ. ಮೇಳದವರಿಗೆ ಬಟ್ಟೆ ಬೇಕು, ನಮಗೆ ಅನ್ನ ಬೇಕು ಅಂದುಕೊಂಡೆ. ಕಾಯಿ ಎತ್ತುವುದು, ಬೆವರು ಒರೆಸುವುದು, ಮತ್ತೆ ಎತ್ತುವುದು.

ಹಾಗೆ ಬೆವರು ಒರೆಸುತ್ತಾ ತೆರೆಯ ಕಡೆ ನೋಡಿದೆ. ನಾನು ನಿಂತ ಕಡೆಯಿಂದ ತೆರೆಯ ಕೆಳಗಿನ ಕಾಲು ಕಾಣುತ್ತಿತ್ತು. ಬಲಗಾಲು ನೆಲಕ್ಕೆ ಸರಿಯಾಗಿ ಬೀಳುತ್ತಿತ್ತು. ಎಡಗಾಲು ಬೀಳುತ್ತಿರಲಿಲ್ಲ, ಎಳೆದುಕೊಂಡು ಬರುತ್ತಿತ್ತು. ನನ್ನ ಕೈ ನಿಂತರೆ ಆ ಕಾಲೂ ನಿಂತ ಹಾಗೆ ತಡೆಯುತ್ತಿತ್ತು. ಒಂದು ಕಾಯಿ ಹಾರೆಗೆ ಚುಚ್ಚಿದೆ, ಕಾಲು ಎದ್ದಿತು. ತಿರುಚಿದೆ, ಬಿದ್ದಿತು. ಸುಲಿದು ಎಸೆದೆ, ಗೆಜ್ಜೆ ಝಲ್ಲಂತು. ಇನ್ನೊಂದು ಮಾಡಿ ನೋಡಿದೆ. ಅದೇ ಥರ.

ಆಮೇಲೆ ಏನಾಯಿತು ಅಂತ ನನಗೆ ಸರಿಯಾಗಿ ಹೇಳಲು ಬರುವುದಿಲ್ಲ. ಯೋಚನೆ ಮಾಡಿ ನಿರ್ಧಾರ ಮಾಡಿದೆ ಅಂದರೆ ಸುಳ್ಳಾಗುತ್ತೆ. ಕೈ ತಾನೇ ಹೊರಟಿತು. ಚುಚ್ಚು, ತಿರುಚು, ತಿರುಚು, ಎಸೆ. ಮದ್ದಳೆಯೂ ಅದನ್ನೇ ಹೇಳುತ್ತಿತ್ತು. ಮದ್ದಳೆಗೆ ನಾನು ಸೇರಿದೆನೋ, ನನಗೆ ಮದ್ದಳೆ ಸೇರಿತೋ ಗೊತ್ತಿಲ್ಲ. ಒಣ ಸಿಪ್ಪೆಯ ಪುಡಿ ಹೊಗೆಯ ಹಾಗೆ ಏಳುತ್ತಿತ್ತು. ಗರಿಗಳ ಸಂದಿಯಿಂದ ಬಿದ್ದ ಬಿಸಿಲು ಆ ಪುಡಿಯೊಳಗೆ ಸೀಳು ಸೀಳಾಗಿ ನಿಂತಿತ್ತು. ಗಾಳಿ ಬಂದರೆ ಬಿಸಿಲೂ ಅಲ್ಲಾಡುತ್ತಿತ್ತು, ತೋಟವೇ ನೀರಿನ ತಳದಲ್ಲಿದ್ದ ಹಾಗೆ. ಅದರೊಳಗೆ ಕಿರೀಟ ಮೇಲೆದ್ದಿತು. ತಲೆ ಇಲ್ಲ, ಮನುಷ್ಯ ಇಲ್ಲ, ಕಿರೀಟ ಒಂದೇ ಆ ತುದಿಯಿಂದ ಈ ತುದಿಗೆ ತೇಲಿ ಬಂತು. ಜನ ನಗುತ್ತಿದ್ದುದು ಎಲ್ಲೋ ಪಕ್ಕದ ತೋಟದಿಂದ ಬಂದ ಹಾಗೆ ಕೇಳಿಸುತ್ತಿತ್ತು. ಉಗುರಿನಲ್ಲಿ ರಕ್ತ ಬಂದದ್ದು ಕಂಡಿತು, ನೋವು ಕಾಣಲಿಲ್ಲ.

ತೆರೆ ಸರಿಯಿತು. ಮೇಷ್ಟ್ರು ಕರ್ಟನ್ ಬಟ್ಟೆ ಹಾಕಿದ್ದಾರೆ ಅಂತ ನನಗೆ ಆಗ ಅನ್ನಿಸಲೇ ಇಲ್ಲ.

ಭಾಗವತರು ಹಾಡು ನಿಲ್ಲಿಸಿ ಕೋಡಂಗಿಗೆ ಸನ್ನೆ ಮಾಡಿದರು. ಇನ್ನು ಅನ್ವರಣ್ಣ ಹೆಸರು ಕೇಳಬೇಕು. ಕೇಳಿದರೆ ರಾಜ ಹೇಳಬೇಕು, ಹೇಳಿದರೆ ಪಂದ್ಯ ಮುಗಿಯಿತು. ಅನ್ವರಣ್ಣ ಗುಡ್ಡೆ ಕಡೆ ನೋಡಿದ. ಇನ್ನೂ ಅರ್ಧ ಇತ್ತು. ರಾಜನ ಮುಂದೆ ಹೋಗಿ ಕೈ ಕಟ್ಟಿ ನಿಂತ.

"ಮಹಾರಾಜ್ರೇ, ಊಟ ಆಯ್ತಾ?"

ರಾಜ ಮಾತಾಡದೆ ಒಂದು ಸುತ್ತು ಹಾಕಿದ. ಮದ್ದಳೆಯವನು ಬಿಡಲಿಲ್ಲ, ಬಾರಿಸಿದ.

"ಮಹಾರಾಜ್ರು ಯಾವ್ ಬಸ್ಸಿಗ್ ಬಂದ್ರಿ? ಸೀಟ್ ಸಿಕ್ತಾ?"

ಮತ್ತೊಂದು ಸುತ್ತು.

"ಹೆಸ್ರು ಕೇಳಯ್ಯಾ," ಅಂತ ಗೌಡರು ಕುರ್ಚಿಯಿಂದ ಹಲ್ಲು ಕಚ್ಚಿಕೊಂಡು ಅಂದರು. ಚಾಪೆ ಮೇಲಿದ್ದ ಒಬ್ಬ ಅಜ್ಜಿ, "ಕೇಳ್ಬ್ಯಾಡ ಕಣೋ ಸಾಬಣ್ಣ, ಹುಡ್ಗ ಸುಲಿತಾವ್ನೆ," ಅಂದಳು. ಆಮೇಲೆ ಇಡೀ ತೋಟವೇ ಕೇಳ್ಬ್ಯಾಡ, ಕೇಳ್ಬ್ಯಾಡ ಅನ್ನಲು ಶುರು ಮಾಡಿತು. ಅನ್ವರಣ್ಣ ರಾಜನಿಗೆ ಅಳತೆ ತೆಗೆದ. ಭುಜ ಅಳೆದ, ಎದೆ ಅಳೆದ, ಕಿರೀಟ ಅಳೆಯಲು ಎಗರಿ ಎಗರಿ ಬಿದ್ದ. "ಮಹಾರಾಜ್ರಿಗೆ ಹೊಸಾ ಅಂಗಿ ಬೇಕು, ಎಷ್ಟ್ ಮೀಟ್ರು ಹಿಡೀತದೆ ನೋಡ್ಬೇಕು," ಅಂತ ಮೈಕಿಗೆ ಹೇಳಿದ. ಹೆಂಗಸರು ಕಣ್ಣೀರು ಬರುವಷ್ಟು ನಗುತ್ತಿದ್ದರು.

ನಾನು ನಗಲಿಲ್ಲ. ನನಗೆ ಮೇಷ್ಟ್ರ ಮುಖ ಕಾಣುತ್ತಿತ್ತು. ಬಣ್ಣ ಬೆವರಿಗೆ ಕರಗಿ ಕುತ್ತಿಗೆಗೆ ಇಳಿದಿತ್ತು. ಕಣ್ಣು ಎಲ್ಲೋ ದೂರ ನೋಡುತ್ತಿತ್ತು, ತೋಟದ ಆಚೆ. ಒಂದು ಸಲ ಎಡಗಾಲು ಪೂರ್ತಿ ಕುಸಿಯಿತು. ಬಿದ್ದೇ ಹೋದರು ಅಂದುಕೊಂಡೆ. ನಿಲ್ಲಿಸಲಾ ಅಂತ ಕೈ ತಡೆಯಿತು. ಅವರು ಕುಸಿದಲ್ಲೇ ಮಂಡಿ ಊರಿ, ಅದೇ ಕುಣಿತ ಅನ್ನುವ ಹಾಗೆ ಮಂಡಿಯ ಮೇಲೇ ಅರ್ಧ ಸುತ್ತು ತಿರುಗಿ, ಕೈ ಚಾಚಿ ನನ್ನ ಗುಡ್ಡೆಯನ್ನು ತೋರಿಸಿದರು. ಸುಲಿ ಅಂತ. ರಾಜ ಹೇಳಿದ ಹಾಗಿತ್ತು. ನನಗೆ ಯಾರೂ ಹಾಗೆ ಏನನ್ನೂ ಹೇಳಿರಲಿಲ್ಲ.

ಸುಲಿದೆ. ಗುಡ್ಡೆ ಇಳಿಯಿತು, ನೆಲ ಕಂಡಿತು. ಕೊನೆಯ ಕಾಯಿ ಎಸೆದು ಬರೀ ಕೈ ಎತ್ತಿ ತೋರಿಸಿದೆ. ಅನ್ವರಣ್ಣ ಟೋಪಿ ತೆಗೆದು, ಈ ಸಲ ತಮಾಷೆ ಇಲ್ಲದೆ, "ತಾವು ಯಾರು ಸ್ವಾಮಿ," ಅಂದ.

ಮೇಷ್ಟ್ರು ಎದ್ದು ನಿಂತರು. ಉಸಿರು ತೆಗೆದುಕೊಂಡರು. ಆಮೇಲೆ ಹೆಸರು ಹೇಳಿದರು. ಎಲ್ಲರಿಗೂ ಗೊತ್ತಿದ್ದ ಹೆಸರೇ. ಆದರೂ ನನ್ನ ಮೈ ಜುಮ್ಮೆಂದಿತು. ಜನ ಎದ್ದು ನಿಂತರು.

ಗೌಡರಿಗೆ ಶಾಲು ಹೊದಿಸಿದರು. ಅವರು ಮೈಕ್ ಹಿಡಿದು, "ಕಲೆ ಉಳೀಬೇಕು ಅಂತ ನಾನೇ ಮುಂದೆ ನಿಂತು ಅಟ್ಟದಿಂದ ಇಳಿಸಿದೆ," ಅಂದರು. ಹೇಳುವಾಗ ನನ್ನ ಕಡೆ ನೋಡಲಿಲ್ಲ.

ಜನ ಚದುರಿದ ಮೇಲೆ ಮೇಷ್ಟ್ರು ಮರಕ್ಕೆ ಒರಗಿ ಕೂತಿದ್ದರು. ಕಾಲು ಊದಿ ಗೆಜ್ಜೆ ಬಿಚ್ಚಲು ಬರುತ್ತಿರಲಿಲ್ಲ. ನಾನು ಹೋಗಿ ದಾರ ಸಡಿಲ ಮಾಡಿದೆ.

"ಗೌಡ್ರು ಬೇಗ ಮುಗ್ಸು ಅಂದಿದ್ದು ನಿಮಗ್ ಗೊತ್ತಾಗ್ಲಿಲ್ವಾ ಮೇಷ್ಟ್ರೇ? ಕಾಲು ಹಿಂಗಾಗೋಗಂಟ ಕುಣಿಯೋದಾ?"

"ನನಗೇನೂ ಕೇಳ್ತಿರ್ಲಿಲ್ಲ ಕಣಪ್ಪ. ಮದ್ಲೆನೂ ಕೇಳ್ತಿರ್ಲಿಲ್ಲ. ನೀನ್ ಸಿಪ್ಪೆ ಕೀಳೋ ಸದ್ದೊಂದೇ ಕೇಳ್ತಿತ್ತು. ಅದು ನಡೀತಿರೋಗಂಟ ನಾನೂ ನಡ್ದೆ. ಮೊದ್ಲಿಗೆ, ನಾನಿನ್ನೂ ತೆರೆ ಹಿಂದಿದ್ದಾಗ ಅದು ತಡೀತು ನೋಡು, ಆಗ ಬಿದ್ದೋದಂಗಾಯ್ತು."

ನಾನು ನಿಧಾನ ಮಾಡಿದ್ದು ಯಾವಾಗ, ಯಾಕೆ ಅಂತ ಅವರಿಗೆ ಹೇಳಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡದ್ದು ನನ್ನ ಜೀವನದಲ್ಲಿ ಅದೇ ಮೊದಲು.

ಆ ಕೊಬ್ಬರಿಯಿಂದ ಇಡೀ ಮೇಳಕ್ಕೆ ಬಟ್ಟೆ ಬಂತು. ಅನ್ವರಣ್ಣ ಯುಗಾದಿವರೆಗೆ ಬೇರೆ ಯಾರ ಪ್ಯಾಂಟನ್ನೂ ಮುಟ್ಟಲಿಲ್ಲ. ಮ್ಯೂಸಿಯಂ ಮಾತು ಮತ್ತೆ ಬರಲಿಲ್ಲ. ಗೌಡರು ಮಾತ್ರ ಆ ಸುಗ್ಗಿಯಲ್ಲಿ ನನ್ನನ್ನು ಕರೆಯಲಿಲ್ಲ, ಬೇರೆಯವನನ್ನು ಕರೆಸಿಕೊಂಡರು. ನಾನು ತುರುವೇಕೆರೆ ಕಡೆ ಹೋಗಿ ಸುಲಿದೆ. ಮನೆಯಲ್ಲಿ ಕಷ್ಟವೇ ಆಯಿತು, ಇಲ್ಲ ಅನ್ನುವುದಿಲ್ಲ. ಈ ವರ್ಷ ಗೌಡರೇ ಹೇಳಿ ಕಳಿಸಿದರು. ಹೋದಾಗ, "ಎಲ್ಲಿ ಹೋದ್ರೂ ದಾನಿಗಳು ಬಂದ್ರು ಅಂತಾರೆ ಕಣ್ಲಾ, ಕುರ್ಚಿ ಕೊಡ್ತಾರೆ. ಆದ್ರೂ ನಿನ್ ಕೈ ಕಂಡ್ರೆ ನನಗೆ ಹೊಟ್ಟೆ ಉರೀತದೆ," ಅಂದರು. ನಾನು, "ಉರೀಲಿ ಬುಡಿ ಗೌಡ್ರೇ, ಕಾಯಿ ಎಲ್ಲೈತೆ ತೋರ್ಸಿ," ಅಂದೆ.

ಜನ ಈಗಲೂ ಆ ಪಂದ್ಯದಲ್ಲಿ ಗೆದ್ದವರು ಯಾರು ಅಂತ ನನ್ನನ್ನು ಕೇಳುತ್ತಾರೆ. ಅದು ನನಗೆ ಗೊತ್ತಿಲ್ಲ. ನಾನು ಹನ್ನೆರಡು ವರ್ಷದಿಂದ ದುಡಿಯುತ್ತಿದ್ದೇನೆ. ಯಾವ ಕೆಲಸ ಹಿಡಿದರೂ ಇದು ಯಾವಾಗ ಮುಗಿಯುತ್ತಪ್ಪ ಅಂತಲೇ ಮಾಡಿದ್ದೇನೆ. ಆ ದಿನ ಕೊನೆಯ ಕಾಯಿ ಎಸೆದು, ಇನ್ನೊಂದಕ್ಕೆ ಅಂತ ಕೈ ಚಾಚಿದಾಗ ಬರೀ ನೆಲ ಸಿಕ್ಕಿತು. ಅಯ್ಯೋ, ಮುಗಿದೇ ಹೋಯಿತಾ ಅನ್ನಿಸಿತು. ಹಾಗೆ ಅನ್ನಿಸಿದ್ದು ಅದೊಂದೇ ಸಲ.